ಹೊರಗೆ ಕೂರಿಸಿದ ಹುಡುಗಿ

ಆ ಹುಡುಗಿಯನ್ನು ಹೊರಗೆ ಕೂರಿಸಿದ್ದು ನಾನೇ. ಮೊದಲೇ ಹೇಳಿಬಿಡುತ್ತೇನೆ, ಇನ್ನೊಬ್ಬರ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಬುದ್ಧಿ ನನಗೂ ಇದೆ.

ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಅವಳು ಹನೂರಿನ ಕಡೆಯವಳು, ಹದಿನಾರು ವರ್ಷ, ಕಾಲಿನ ಮೂಳೆಯಲ್ಲಿ ಕ್ಯಾನ್ಸರ್. ಮೈಸೂರಿನಲ್ಲಿ ಕಿಮೋ ಕೊಡಬೇಕಿತ್ತು. ಅದು ಜೀವ ಉಳಿಸಬಹುದು, ಮುಂದೆ ಮಕ್ಕಳಾಗದಂತೆಯೂ ಮಾಡಬಹುದು. ಅದಕ್ಕೆ ಮುಂಚೆಯೇ ಅಂಡಾಣು ತೆಗೆಸಿ ಫ್ರೀಜ್ ಮಾಡಿ ಇಡಿಸಬಹುದಿತ್ತು. ಅದಕ್ಕೆ ಡಾಕ್ಟರು ಎರಡೇ ವಾರ ಸಮಯ ಕೊಟ್ಟಿದ್ದರು. ಮನೆಯವರಿಗೆ ತಿಳಿಸಿ ಹೇಳುವ ಕೆಲಸ ನನ್ನ ತಲೆಗೆ ಬಂತು.

ನಮ್ಮ ಕಡೆ ಹೆಣ್ಣುಮಗಳ ವಿಷಯವೆಂದರೆ ಮೊದಲು ಸೋದರಮಾವನ ಕಿವಿಗೆ ಹಾಕಬೇಕು. ಅವಳು ಮೈನೆರೆದಾಗ ಹಸಿರು ಸೊಪ್ಪು ತಂದು ಅವಳು ಕೂರಲು ಗುಡ್ಲು ಹಾಕಿದವನೂ ಅವನೇ. ಹಾಗಾಗಿ ಮಹಾ ಜಾಣೆಯಂತೆ ಹುಡುಗಿಯನ್ನು ಬೆಂಚಿನ ಮೇಲೆ ಬಿಟ್ಟು, ತಾಯಿಯನ್ನೂ ಮಾವನನ್ನೂ ಒಳಗೆ ಕರೆದು ಎಲ್ಲ ಬಿಡಿಸಿ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಎದ್ದು ಹೋದ. ತಾಯಿ ನನ್ನ ಕೈ ಜಗ್ಗಿದಳು.

"ಇವ್ನಿಗೇ ಕೊಡದು ಅಂತ ಮಾತಾಗ್ಬುಟ್ಟದ ಕಣವ್ವ. ಇವ್ನ ಎದ್ರುಗೇ ಯೋಳ್ಬುಟ್ರಲ್ಲಾ!"

ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ! ನಮ್ಮಕ್ಕನನ್ನೂ ಸೋದರಮಾವನಿಗೇ ಕೊಟ್ಟಿರುವುದು, ಆದರೂ ಹೊಳೆಯಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಆ ಎರಡು ವಾರ ಅಂಡಾಣು ಇಡಿಸಿಬಿಡಿ ಎಂದು ತಾಯಿಯ ಬೆನ್ನು ಬಿದ್ದೆ. ದಿನಾ ಫೋನ್ ಮಾಡುತ್ತಿದ್ದೆ. "ಜೀವ ಉಳುದ್ರೆ ಸಾಕು ಬುಡಿ, ಊರ್ಗೆಲ್ಲಾ ಗೊತ್ತಾಗದು ಬ್ಯಾಡ" ಎಂದು ತಾಯಿ ಇಟ್ಟುಬಿಡುತ್ತಿದ್ದಳು. ಕೊನೆಗೆ ಬಸ್ಸು ಹತ್ತಿ ಅವರ ಮನೆಗೇ ಹೋದೆ. ಹುಡುಗಿ ಕುಂಟುತ್ತಾ ಕಾಫಿ ತಂದುಕೊಟ್ಟಳು. ಅವಳ ಮುಂದೆ ಬಾಯಿ ಬಿಡಬೇಡಿ ಎಂದು ತಾಯಿ ನನ್ನನ್ನು ಕಣ್ಣಲ್ಲೇ ಗದರಿದಳು. ನಾನು ಕಾಫಿ ಕುಡಿದು ಎದ್ದು ಬಂದೆ. ಮೈಸೂರಿನಲ್ಲಿ ಕಿಮೋ ಶುರುವಾಯಿತು.

ಅವಳು ಉಳಿದಳು. ಮಾವ ಬೇರೆ ಕಡೆ ಮದುವೆಯಾದ. ಹೋದ ತಿಂಗಳು ಹುಡುಗಿ ಒಬ್ಬಳೇ ನಮ್ಮ ಆಸ್ಪತ್ರೆಗೆ ಬಂದಿದ್ದಳು, ಈಗ ಹತ್ತೊಂಬತ್ತು, ಕೂದಲು ಭುಜಕ್ಕೆ ಬಂದಿದೆ. ಮಕ್ಕಳಾಗುವುದು ಕಷ್ಟವೆಂದು ಮೈಸೂರಿನ ಡಾಕ್ಟರು ಈಗ ಅವಳಿಗೇ ಹೇಳಿದ್ದರು, ಮುಂಚೆ ಏನು ಮಾಡಬಹುದಿತ್ತು ಎಂಬುದನ್ನೂ ಹೇಳಿದ್ದರು. ನೇರ ನನ್ನ ಮುಂದೆ ಬಂದು ನಿಂತಳು.

"ಸಿಸ್ಟರ್, ಅವತ್ತು ನನ್ನ ಯಾಕ್ ಕೇಳ್ನಿಲ್ಲ?"

ಚಿಕ್ಕವಳು, ಹೆದರಿಕೊಳ್ತೀಯ ಅಂತ, ಎಂದು ತೊದಲಿದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಕೇಳಿದ್ರೆ ನಾನೇ ಬ್ಯಾಡ ಅಂತಿದ್ನೋ ಏನೋ. ಆವಾಗ ನಂಗೆ ಕಾಲು ಉಳುದ್ರೆ ಸಾಕಾಗಿತ್ತು. ಆದ್ರೂ ಬ್ಯಾಡ ಅನ್ನಕಾದ್ರೂ ನನ್ನ ಒಂದ್ ಮಾತು ಕೇಳ್ಬೇಕಿತ್ತಲ್ವಾ?"