ವ್ಯಾನಿಗೊಂದು ಕಾಲಿಂಗ್ ಬೆಲ್

ಬಟವಾಡಿಯ ಬಾಡಿಗೆ ಮನೆ ಬಿಟ್ಟು ಹಳೇ ಮೆಟಡಾರ್ ವ್ಯಾನಿನಲ್ಲೇ ಬದುಕಬೇಕೆಂದಿರುವ ಅಜ್ಮತುಲ್ಲಾ ಸಾಬರ ಸಿದ್ಧತೆ ಮುಗಿಯುವುದೇ ಇಲ್ಲ. ಲಾರಿಗೆ ಬಾಡಿ ಕಟ್ಟಿದ ಕೈ. ಸೀಟು ಕಿತ್ತು ಮಂಚ ಮಾಡಿದರು, ಸೀಮೆಎಣ್ಣೆ ಸ್ಟವ್ ಅಲುಗದಂತೆ ಬೋಲ್ಟು ಬಿಗಿದರು. ಪರೀಕ್ಷೆಗೆಂದು ಗುಬ್ಬಿವರೆಗೆ ಹೋಗಿ ಬರುತ್ತಾರೆ. ದಾರಿಯಲ್ಲಿ ಒಂದು ಚಮಚ ಸದ್ದು ಮಾಡಿದರೂ ಮತ್ತೆ ಸ್ಪ್ಯಾನರ್ ಹಿಡಿಯುತ್ತಾರೆ. "ಮುಂದಿನ ಶುಕ್ರವಾರ ನಮಾಜ್ ಮುಗಿಸ್ಕೊಂಡು ಹೊರಟೇ ಬಿಡ್ತೀನಿ ಕಣ್ರೀ" ಎನ್ನುವುದು ಪ್ರತಿ ಶುಕ್ರವಾರದ ಮಾತು. ಮೊನ್ನೆ ವ್ಯಾನಿನ ಬಾಗಿಲಿಗೆ ಕಾಲಿಂಗ್ ಬೆಲ್ ಕೂರಿಸಿದರು. "ಊರೂರು ಸುತ್ತೋ ಗಾಡಿಗೆ ಬೆಲ್ ಯಾಕ್ ಸಾಬ್ರೇ?" ಎಂದೆ. "ಮನೆ ಅಂದ್ಮೇಲೆ ಯಾರಾದ್ರೂ ಬರಲ್ವಾ?" ಎಂದರು. ಸಂಜೆ ಅತ್ತ ಹಾದುಹೋಗುವಾಗ ನೋಡಿದೆ: ಸಾಬರು ಹೊರಗೆ ನಿಂತು ಬೆಲ್ ಒತ್ತಿದರು, ಟೋಪಿ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಕಾದರು. ಆಮೇಲೆ "ಬಂದೆ, ಬಂದೆ" ಎನ್ನುತ್ತ ತಾವೇ ಬಾಗಿಲು ತೆಗೆದುಕೊಂಡು ಒಳಗೆ ಹೋದರು.