ನಳದ ಮುಂದಿನ ಶಾಸಕರು

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು. ಮುಂಬಯಿಯ ಭಾಂಡುಪ್‌ನ ಗುಡ್ಡದ ಮೇಲಿನ ನಮ್ಮ ಚಾಳಿನಲ್ಲಿ ಆ ಪ್ರಭು ಬೆಳಗಿನ ಜಾವ ಬನಿಯನ್ ತೊಟ್ಟು, ಕೊಡ ಹಿಡಿದು, ಇದ್ದೊಂದು ನಳದ ಮುಂದೆ ಪಾಳಿ ನಿಂತಿರುತ್ತಿದ್ದ.

ನಮ್ಮ ಶಾಸಕರು ಜನರನ್ನು ಭೇಟಿಯಾಗುತ್ತಿದ್ದುದೂ ಅಲ್ಲಿಯೇ. ಅವರಿಗೆ ಆಫೀಸಿತ್ತು, ಅದರಲ್ಲಿ ಗಾಜಿನ ಮೇಜೂ ಇತ್ತು. ಆದರೆ ನೀರು ಬರುವ ಹೊತ್ತಿಗೆ ಇಡೀ ಚಾಳು ಎಚ್ಚರವಿರುತ್ತದೆ, ಪಾಳಿ ಬಿಟ್ಟು ಯಾರೂ ಕದಲುವುದಿಲ್ಲ ಎಂಬುದು ಅವರ ಶೋಧನೆ. ಮರಾಠಿಯವರಾದರೂ ನಮ್ಮ ಧಾರವಾಡ, ವಿಜಯಪುರದ ಹೆಂಗಸರ ನಡುವೆ ನಿಂತು ನಿಂತು ಕನ್ನಡ ಕಲಿತಿದ್ದರು. ನಳದ ಮುಂದೆ ಕಲಿತದ್ದಾದ್ದರಿಂದ ಅದರಲ್ಲಿ ವಂದನಾರ್ಪಣೆಗಿಂತ ಬೈಗುಳದ ಭಾಗ ಸಮೃದ್ಧವಾಗಿತ್ತು. ರೇಷನ್ ಕಾರ್ಡು, ಆಸ್ಪತ್ರೆಯ ಹಾಸಿಗೆ, ಅಳಿಯನ ಕುಡಿತ, ಎಲ್ಲವನ್ನೂ ಅವರು ಮುದುಕಿಯರ ಕೊಡ ಎತ್ತಿಕೊಡುತ್ತಲೇ ವಿಚಾರಿಸುತ್ತಿದ್ದರು. ನನ್ನ ತಾಯಿಯ ಕೊಡ ಹೊತ್ತು ಅವರು ಮೆಟ್ಟಿಲು ಹತ್ತುವುದನ್ನು ನಾನು ಗ್ಯಾಲರಿಯಲ್ಲಿ ಹಲ್ಲುಜ್ಜುತ್ತ ನೋಡಿದ್ದೇನೆ. ಸಹಾಯಕ್ಕೆ ಹೋಗಲಿಲ್ಲ, ಜನಪ್ರತಿನಿಧಿಯ ಕರ್ತವ್ಯಕ್ಕೆ ಅಡ್ಡಿಪಡಿಸಬಾರದು.

ಹೀಗೆ ಎರಡು ಸಲ ಗೆದ್ದವರು, ಗುಡ್ಡಕ್ಕೆ ಪಂಪು ಹಾಕಿಸಿ ಮನೆಮನೆಗೂ ನಳ ಕೊಡಿಸಲು ಹೊರಟರು. ಪಕ್ಕದ ಖೋಲಿಯ ಅಜ್ಜಿ ಪಾಳಿಯ ಸರ್ವೋಚ್ಚ ನ್ಯಾಯಾಲಯವಾಗಿದ್ದಳು. ಅವಳು ಎಚ್ಚರಿಸಿದಳು:

“ಸಾಹೇಬ, ನಳ ಒಳಗ ಬಂತಂದ್ರ ನಾವ್ಯಾಕ ಹೊರಗ ಬರೂಣು? ನಿನ್ನ ಮಾರಿ ಯಾರು ನೋಡ್ತಾರ?”

“ಈಗರೆ ಯಾರ ನೋಡ್ತಾರ, ಮಾವಶಿ? ಎಲ್ಲಾರೂ ನೋಡೂದು ನಳದ ಮಾರಿ.”

“ನಗಬ್ಯಾಡ. ಸೋಲ್ತಿ.”

“ಸೋತ್ರ ಸೋತೆ. ನಿನ್ನ ಟೊಂಕ ನೆಟ್ಟಗಾಗ್ಲಿ ಮೊದಲ.”

ಪೈಪು ಕೂಡಿಸಿ ಮುಗಿದಾಗ ಚುನಾವಣೆ ಹತ್ತಿರವಿತ್ತು. ಮತದಾನ ಮುಗಿದ ಮೇಲೆಯೇ ನೀರು ಬಿಡೋಣ, ಅಲ್ಲಿಯವರೆಗೆ ಆಸೆಯಲ್ಲಿಡೋಣ ಎಂದು ಅವರ ಕಾರ್ಯಕರ್ತರು ಗೋಗರೆದರು. ಇವರು ಮರುವಾರವೇ ಉದ್ಘಾಟನೆ ಇಟ್ಟರು. ಪಂಪಿನ ಸದ್ದು ಕೇಳಿದ್ದೇ ತಡ, ನೆರೆದ ಸಭೆ ತನ್ನ ತನ್ನ ನಳ ತಿರುವಿ ನೋಡಲು ಮನೆಯೊಳಗೆ ಓಡಿತು. ಕತ್ತರಿ ಹಿಡಿದ ಶಾಸಕರು, ತೆಂಗಿನಕಾಯಿ ಹಿಡಿದ ಭಟ್ಟರು, ಖಾಲಿ ಕುರ್ಚಿಗಳು ಉಳಿದವು. ಅಜ್ಜಿಯೊಬ್ಬಳೇ ತನ್ನ ನಳದ ಮೊದಲ ತಂಬಿಗೆ ನೀರು ತಂದು ಕೊಟ್ಟಳು. ಅವರು ಪೂರ್ತಿ ಕುಡಿದು, “ತುಕ್ಕಿನ ವಾಸನಿ ಅದ,” ಎಂದರು.

ಮರುದಿನ ನಸುಕಿನಲ್ಲಿ ಅಭ್ಯಾಸಬಲದಿಂದ ಮತ್ತೆ ಬಂದರು. ಹಳೆಯ ನಳದ ಹತ್ತಿರ ಒಂದು ನಾಯಿ ಮಲಗಿತ್ತು. ಮುಚ್ಚಿದ ಬಾಗಿಲುಗಳ ಹಿಂದೆ ಕೊಡಗಳು ತುಂಬುತ್ತಿದ್ದವು. ಅವರು ಸ್ವಲ್ಪ ಹೊತ್ತು ಆ ಸದ್ದನ್ನು ಕೇಳುತ್ತ ನಿಂತು, ಯಾವ ಬಾಗಿಲನ್ನೂ ತಟ್ಟದೆ ಇಳಿದು ಹೋದರು.

ಮತದಾನದ ದಿನ ರಜೆ. ನಮ್ಮ ಚಾಳು ತಡವಾಗಿ ಎದ್ದು, ಮನಸಾರೆ ತಲೆಸ್ನಾನ ಮಾಡಿತು. ಅಜ್ಜಿ ಬಾಗಿಲು ಬಾಗಿಲು ಬಡಿದು, ಬೈದು, ಸಿಕ್ಕವರನ್ನು ಬೂತಿಗೆ ಹೊರಡಿಸಿದಳು. ಉಳಿದವರು ಮಕ್ಕಳನ್ನು ಕರೆದುಕೊಂಡು ಪವಾಯಿ ಕೆರೆ ನೋಡಲು ಹೋಗಿದ್ದರು.

ಶಾಸಕರು ಸೋತರು. ಪಂಪು ನಡೆಯುತ್ತಿದೆ.