ಹೊಲಿಗೆಗೆ ಬಿಟ್ಟ ಅರ್ಧ ಮೀಟರ್

ನನ್ನ ಷಡ್ಡಕನನ್ನು ಊರೆಲ್ಲ ಟೈಲರ್ ಮೇಸ್ತ್ರಿ ಅಂತ ಕರೆಯುತ್ತದೆ. ಹೊಲಿಗೆ ಅಂಗಡಿ ಮುಚ್ಚಿ ಬಂದವನ ಕೈಗೆ ಕರಣೆ ಕೊಟ್ಟು ಗಾರೆ ಕೆಲಸ ಕಲಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ.

ಹನ್ನೆರಡು ವರ್ಷದಲ್ಲಿ ಅವನು ನನ್ನನ್ನು ಮೀರಿಸಿದ. ಗೋಡೆ ಕಟ್ಟುವುದರಲ್ಲಲ್ಲ, ಅಂದಾಜಿನಲ್ಲಿ. ತಾರಸಿಗೆ ಎಷ್ಟು ಕಾಂಕ್ರೀಟ್ ಬೇಕು ಎಂದರೆ ನಾನು ಟೇಪು, ಪೆನ್ಸಿಲ್ಲು, ಕ್ಯಾಲ್ಕುಲೇಟರು ಹಿಡಿದು ಕೂರುತ್ತೇನೆ. ಅವನೂ ಅಳೆಯುತ್ತಾನೆ, ಆದರೆ ಆಮೇಲೆ ಚಪ್ಪಲಿ ಬಿಟ್ಟು, ಕಾಂಕ್ರೀಟ್ ಸುರಿಯಲು ಹಾಸಿದ ಸೆಂಟ್ರಿಂಗ್ ತಗಡಿನ ಮೇಲೆ ನಿಧಾನವಾಗಿ ಒಂದು ಸುತ್ತು ನಡೆಯುತ್ತಾನೆ. ಕೊನೆಗೆ ಒಂದೇ ಪ್ರಶ್ನೆ: "ಹೊಲಿಗೆಗೆ ಎಷ್ಟು ಬಿಟ್ಟಿದೀರಾ?" ಬಟ್ಟೆ ಕತ್ತರಿಸುವಾಗ ಅಂಚಿಗೆ ಬಿಡುತ್ತಾರಲ್ಲ, ಹಾಗೆ. ಅವನು ಹೇಳಿದಷ್ಟು ತರಿಸಿದರೆ ಉಳಿಯುವುದು ಒಂದೋ ಎರಡೋ ಬಾಂಡ್ಲಿ. ನನ್ನದು ಒಮ್ಮೆ ಬೀದಿಗೆ ಸುರಿಯುವಷ್ಟು ಉಳಿದರೆ, ಇನ್ನೊಮ್ಮೆ ಮೂಲೆಗೆ ಸಾಲದು. "ಅಳತೆ ಅಂದ್ರೆ ಕಿರಿಯಳಿಯಂದು" ಎನ್ನುತ್ತಾರೆ ಅತ್ತೆ, ನನ್ನ ತಟ್ಟೆಗೆ ಬಡಿಸುತ್ತಲೇ.

ಹೊಟ್ಟೆಕಿಚ್ಚೇ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಹೀಗಿರುವಾಗ ನನ್ನ ಸ್ವಂತ ಮನೆಗೆ ತಾರಸಿ ಹಾಕುವ ದಿನ ಬಂತು. ಅದನ್ನು ಒಂದೇ ಬೀಸಿಗೆ ಮುಗಿಸಬೇಕು. ನಡುವೆ ಕಾಂಕ್ರೀಟ್ ಸಾಲದೆ ನಿಂತರೆ ಹಳತು ಹೊಸತು ಕೂಡಿದ ಗೆರೆಯಲ್ಲಿ ಜನ್ಮವಿಡೀ ಸೋರುತ್ತದೆ.

"ತಂಗಿ ಯಜಮಾನ್ರನ್ನ ಒಂದು ಮಾತು ಕೇಳ್ರೀ," ಎಂದಳು ಹೆಂಡತಿ.

"ನನ್ನ ಮನೆಗೆ ನಾನೇ ಸಾಕು," ಎಂದೆ.

ಮೂವತ್ತಡಿ ಉದ್ದ, ಇಪ್ಪತ್ತನಾಲ್ಕಡಿ ಅಗಲ, ಐದಿಂಚು ದಪ್ಪ. ತೊಲೆಗಳನ್ನೂ ಸೇರಿಸಿ ಮೂರು ಸಲ ಗುಣಿಸಿದೆ. ಕಾಂಕ್ರೀಟ್ ಕಲಸಿ ಲಾರಿಯಲ್ಲಿ ಕಳಿಸುವ ರೆಡಿಮಿಕ್ಸ್ ಪ್ಲಾಂಟಿಗೆ ಫೋನ್ ಮಾಡಿ ಹತ್ತು ಘನ ಮೀಟರ್ ಹೇಳಿದೆ. ಅಂದು ಸಂಜೆ ಷಡ್ಡಕ ಕರೆಯದೆಯೇ ಬಂದ. ಚಪ್ಪಲಿ ಬಿಟ್ಟು ತಗಡಿನ ಮೇಲೆ ನಡೆದ. ನಡುಮನೆಯ ಮೇಲೆ ಎರಡು ಸಲ ನಿಂತ. "ಹೊಲಿಗೆಗೆ..." ಎಂದು ಬಾಯಿ ತೆರೆದವನು, ನನ್ನ ಮುಖ ನೋಡಿ, "ಚೆನ್ನಾಗಿದೆ ಅಣ್ಣ" ಎಂದಷ್ಟೇ ಹೇಳಿ ಇಳಿದುಹೋದ.

ಮರುದಿನ ಕೊನೆಯ ಮೂಲೆ ತುಂಬಿದಾಗ ಉಳಿದದ್ದು ಒಂದೇ ಬಾಂಡ್ಲಿ. ಅತ್ತೆ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಅಳತೆ ಅಂದ್ರೆ ಹಿರಿಯಳಿಯಂದು ಬಿಡಿ," ಎಂದರು. ಹನ್ನೆರಡು ವರ್ಷ ಕಾದಿದ್ದ ಮಾತು. ಅವನಿಗೂ ಸ್ವಲ್ಪ ಉರಿಯಲಿ ಅಂತ, ಕೆಲಸಕ್ಕೆ ಕೈಜೋಡಿಸಲು ಬಂದಿದ್ದ ಷಡ್ಡಕನ ಮುಖ ನೋಡಿದೆ.

"ನಾನು ಕಲಿತಿದ್ದೇ ಅಣ್ಣನ ಹತ್ರ ಅಲ್ವಾ ಅತ್ತೆ," ಎಂದು ನಕ್ಕ.

ಅಷ್ಟರಲ್ಲಿ ಕೊನೆಯ ಲಾರಿಯ ಡ್ರೈವರ್ ಸಹಿಗೆ ಚೀಟಿ ಚಾಚಿದ. ಒಟ್ಟು ಹತ್ತೂವರೆ ಘನ ಮೀಟರ್ ಎಂದಿತ್ತು.

"ನಾನು ಹೇಳಿದ್ದು ಹತ್ತಲ್ವಾ?"

ಅವನು ದನಿ ತಗ್ಗಿಸಿದ. "ಟೈಲರ್ ಮೇಸ್ತ್ರಿ ನಿನ್ನೆ ಸಂಜೆ ಫೋನ್ ಮಾಡಿ ಅರ್ಧ ಜಾಸ್ತಿ ಹಾಕಿಸಿದ್ರು. ನಡುಮನೆ ಮೇಲೆ ತಗಡು ಸ್ವಲ್ಪ ಕೆಳಕ್ಕೆ ಹೊಟ್ಟೆ ಬಿಟ್ಟಿದೆಯಂತೆ, ಅಲ್ಲಿ ಜಾಸ್ತಿ ಹಿಡಿಯುತ್ತಂತೆ. ನಿಮಗೆ ಹೇಳ್ಬೇಡ ಅಂದಿದ್ರು."

ಸಹಿ ಹಾಕಿ ಚೀಟಿಯ ನನ್ನ ಪ್ರತಿಯನ್ನು ಮಡಚಿ ಜೇಬಿಗೆ ತುರುಕಿದೆ. ಅತ್ತೆಗೆ ಹೇಳಲಿಲ್ಲ. ನನಗೆ ಗೊತ್ತಾಯಿತೆಂದು ಷಡ್ಡಕನಿಗೂ ಹೇಳಲಿಲ್ಲ.

ತಾರಸಿ ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಸೂರಿನ ಹೊಟ್ಟೆ ತುಂಬಿತು, ನನ್ನ ಹೊಟ್ಟೆಯ ಉರಿ ಆರಲಿಲ್ಲ. ಷಡ್ಡಕ ಬಂದಾಗಲೆಲ್ಲ ನಡುಮನೆಯಲ್ಲೇ ಕೂರುತ್ತಾನೆ, ಗಂಟೆಗಟ್ಟಲೆ ಹರಟುತ್ತಾನೆ. ತಪ್ಪಿ ಕೂಡ ತಲೆಯೆತ್ತಿ ಮೇಲೆ ಆ ಹೊಟ್ಟೆ ಬಿಟ್ಟ ಕಡೆ ನೋಡುವುದಿಲ್ಲ. ಒಂದೇ ಒಂದು ಸಲ ನೋಡಿದ್ದರೆ, ಹಂಗಿಸಿದನೆಂದು ಬೈದಾದರೂ ಹಗುರಾಗುತ್ತಿದ್ದೆ.